ಗೇಣುದ್ದದ ಅಂಬಾಸಿಡರ್

ನಿಪ್ಪಾಣಿಯ ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿ ನಾನು ಮೂವತ್ತು ವರ್ಷ ಗಾಡಿ ಮಾಡಿದೆ. ಓಡುವ ಗಾಡಿಯಲ್ಲ, ಅದರ ಸಣ್ಣ ಮಾದರಿ. ನಿಜವಾದ ಗಾಡಿಯ ಇಪ್ಪತ್ತು ಇಂಚು ನನ್ನ ಗಾಡಿಯಲ್ಲಿ ಒಂದು ಇಂಚು. ಆ ಲೆಕ್ಕದಲ್ಲಿ ಲಾರಿ ಒಂದೂವರೆ ಗೇಣು, ಅಂಬಾಸಿಡರ್ ಸರಿಯಾಗಿ ಒಂದು ಗೇಣು, ಜೀಪು ಅದಕ್ಕಿಂತ ಮೂರು ಬೆರಳು ಕಡಿಮೆ.

ಮೊನ್ನೆ ಚಿಕ್ಕೋಡಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಕಾಲೇಜು ಮುಗಿಸಿ ಇದೇ ಕೆಲಸಕ್ಕೆ ಇಳಿಯುತ್ತಾಳಂತೆ. ಅವಳ ಹತ್ತಿರ ಕಂಪ್ಯೂಟರ್ ಇದೆ, ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಎರೆದು ಬಾಗಿಲು, ಬಾನೆಟ್ಟು ಮಾಡಿಕೊಡುವ ಯಂತ್ರ ಇದೆ. "ಕಾಕಾ, ನೀವು ಇವೇನೂ ಇಲ್ಲದ ಹೆಂಗ ಮಾಡ್ತಿದ್ರಿ? ಸ್ವಲ್ಪ ಬರದ್ ಕೊಡ್ರಿ" ಎಂದಳು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಆ ಶೆಡ್ಡಿಗೆ ಸೇರಿದ್ದು ಎಂಬತ್ತರ ದಶಕದ ಮೊದಲಲ್ಲಿ, ಲಾರಿಗಳ ಹಿಂದೆ ಅಕ್ಷರ ಬರೆಯುವವನಾಗಿ. ಅಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟಿ, ಬಣ್ಣ ಹೊಡೆದು ಕೊಡುತ್ತಿದ್ದರು. ಮಾಲೀಕರನ್ನು ಎಲ್ಲರೂ ತಾತ್ಯಾ ಎನ್ನುತ್ತಿದ್ದರು. ಬಣ್ಣದ ವಿಭಾಗಕ್ಕೆ ಹುಸೇನ್ ಚಾಚಾ ಹಿರಿಯರು. ಚಾಚಾ ಬ್ರಶ್ ಹಿಡಿದರೆ ಲಾರಿಯ ಹಲಗೆಯ ಮೇಲೆ ಗಿಳಿಗಳು ಕೂತೇ ಬಿಡುತ್ತಿದ್ದವು.

ಒಂದು ದಿನ ತಂಬಾಕಿನ ವ್ಯಾಪಾರಿಯೊಬ್ಬರು ತಮ್ಮ ಹೊಸ ಲಾರಿ ಒಯ್ಯಲು ಬಂದವರು ಅದರ ಸುತ್ತ ಎರಡು ಸುತ್ತು ಹಾಕಿ, "ಇದು ನಾ ಹೇಳಿದ ಬಣ್ಣ ಅಲ್ಲ" ಎಂದರು. ಅವರು ಹೇಳಿದ್ದು ನವಿಲಿನ ಬಣ್ಣ. ಚಾಚಾ ಹಚ್ಚಿದ್ದೂ ನವಿಲಿನ ಬಣ್ಣವೇ. ಇಬ್ಬರ ಮನಸ್ಸಿನಲ್ಲಿದ್ದ ನವಿಲು ಮಾತ್ರ ಬೇರೆ ಬೇರೆ. ಮೂರು ದಿನ ಜಗಳವಾಯಿತು. ನಾಲ್ಕನೇ ದಿನ ತಾತ್ಯಾ ನನ್ನನ್ನು ಕರೆದರು.

"ಬಾಬೂ, ಇನ್ ಮ್ಯಾಲ ಪೈಲಾ ಒಂದು ಸಣ್ಣ ಲಾರಿ ಮಾಡಿ ಬಣ್ಣಾ ಹಚ್ಚಿ ತೋರಸೂಣು. ಗಿರಾಕಿ ಹೂಂ ಅಂದ್ರ ದೊಡ್ಡದಕ್ಕ ಕೈ ಹಚ್ಚೂಣು. ನಿನ್ನ ಕೈ ಸಣ್ಣ ಕೆಲಸಕ್ಕ ಚಲೋ ಐತಿ."

ಹೀಗೆ ಶುರುವಾಯಿತು. ಸಾಗವಾನಿ ತುಂಡಿನಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ಎಣ್ಣೆ ಡಬ್ಬಿಯ ತಗಡನ್ನು ಬಡಿದು ಬಾಗಿಸುತ್ತಿದ್ದೆ. ಸವೆದ ಹವಾಯಿ ಚಪ್ಪಲಿಯಿಂದ ಟಯರ್ ಕೊರೆದು, ಹ್ಯಾಕ್ಸಾ ಬ್ಲೇಡಿನಿಂದ ಅದರ ಮೇಲೆ ಗೆರೆ ಎಳೆಯುತ್ತಿದ್ದೆ. ರವಿಕೆಯ ಟಿಚ್ ಬಟನ್ನಿನ ಮೇಲೆ ಒಂದು ಹನಿ ವಾರ್ನಿಶ್ ಬಿಟ್ಟರೆ ಹೆಡ್‌ಲೈಟು. ಕೆಟ್ಟ ಕೈಗಡಿಯಾರದ ಸ್ಟೀಲ್ ಪಟ್ಟಿ ಅಂಬಾಸಿಡರಿನ ಮುಂದಿನ ಜಾಲರಿ. ನನ್ನ ಹೆಂಡತಿ ಆ ದಿನಗಳಲ್ಲಿ ಬಟನ್ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಮೊದಲ ಮಾದರಿಗೆ ನಾನು ಲಾರಿಗೆ ಹಚ್ಚುವ ಬಣ್ಣವನ್ನೇ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ದಪ್ಪ ಕಂಬಳಿ ಹೊದಿಸಿದ ಹಾಗಿತ್ತು. ಬಾಗಿಲ ಸಂದುಗಳೆಲ್ಲ ಮುಚ್ಚಿಹೋಗಿದ್ದವು, ಕೆಂಪು ಬಣ್ಣ ಕಂದಾಗಿ ಕಾಣುತ್ತಿತ್ತು. ಚಾಚಾ ಅದನ್ನು ಹಿಡಿದುಕೊಂಡು ನನ್ನನ್ನು ರಸ್ತೆಗೆ ಕರೆದೊಯ್ದು, ದೂರದಲ್ಲಿ ನಿಂತ ಒಂದು ಕೆಂಪು ಲಾರಿ ತೋರಿಸಿದರು.

"ನೋಡು ಬೇಟಾ. ಅದು ದೂರ ಐತಿ, ಅದಕ್ಕ ಸಣ್ಣದು ಕಾಣ್ತೈತಿ. ನಡುವ ಧೂಳ ಐತಿ, ಬಿಸಲ ಐತಿ. ಬಣ್ಣ ತೆಳ್ಳಗ ಆಗೈತಿ. ನೀನೂ ನಿನ್ನ ಡಬ್ಬ್ಯಾಗ ಸ್ವಲ್ಪ ಬಿಳಿ ಬೆರಸು, ಅಂದ್ರ ಸಣ್ಣ ಗಾಡಿ ಖರೇ ಕಾಣ್ತೈತಿ."

ಆಮೇಲೆ ನಾನು ಬಣ್ಣವನ್ನು ಮೂರು ಸಲ ತೆಳು ಬಟ್ಟೆಯಲ್ಲಿ ಸೋಸಿ, ಚಿತ್ರಕಲಾ ಮಾಸ್ತರರು ಬಳಸುವ, ಬಾಯಿಂದ ಊದುವ ತಗಡಿನ ಕೊಳವೆಯಿಂದ ಸಿಂಪಡಿಸತೊಡಗಿದೆ. ತುಟಿ ತುಂಬ ಬಣ್ಣವಾಗುತ್ತಿತ್ತು. ತೊಂಬತ್ತರ ಹೊತ್ತಿಗೆ ತಾತ್ಯಾ ಪೆನ್ನಿನಷ್ಟು ಸಣ್ಣ ಸ್ಪ್ರೇ ಗನ್ ತರಿಸಿಕೊಟ್ಟರು. ಅದನ್ನು ಕೈಗೆ ತೆಗೆದುಕೊಂಡ ದಿನ ನನಗಾದ ಖುಷಿ, ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ.

ಮಾದರಿಗಳ ಸುದ್ದಿ ಹಬ್ಬಿತು. ಗಿರಾಕಿಗಳು ಲಾರಿಯ ಜೊತೆ ಮಾದರಿಯನ್ನೂ ಒಯ್ಯತೊಡಗಿದರು. ಲಾರಿಯೇ ಇಲ್ಲದವರು ಬರೀ ಮಾದರಿ ಮಾಡಿಸಿಕೊಳ್ಳಲು ಬಂದರು. ಅಥಣಿಯ ಒಬ್ಬ ಡಾಕ್ಟರು ತಮ್ಮ ಜೀಪಿನ ಮಾದರಿ ಕೇಳಿದರು. ಅವರ ಜೀಪು ನೋಡಲು ಹೋಗುವುದು ಬಿಟ್ಟು ನಾನು ಒಂದು ವಿದೇಶಿ ಕ್ಯಾಲೆಂಡರಿನ ಚಿತ್ರ ನೋಡಿ ಮಾಡಿದೆ. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಬಾಬೂ, ಭಾಳ ಛಂದ ಮಾಡೀರಿ. ಆದ್ರ ಸ್ಟೇರಿಂಗ್ ಎಡಕ್ಕೈತಲ್ರಿ. ಈ ಜೀಪ್ ಹತ್ತಿ ನಾ ಪೇಶಂಟ್ ನೋಡಾಕ ಅಮೇರಿಕಾಕ್ಕ ಹೋಗಬೇಕಾಗ್ತೈತಿ."

ದವಾಖಾನೆಯಲ್ಲಿ ಕೂತಿದ್ದ ಪೇಶಂಟುಗಳೆಲ್ಲ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು. ಅಂದಿನಿಂದ ಗಾಡಿಯನ್ನು ಕಣ್ಣಾರೆ ನೋಡದೆ ಮಾದರಿ ಮಾಡುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಆ ನಿಯಮವನ್ನು ಒಂದೇ ಒಂದು ಸಲ ಮುರಿದೆ. ನನ್ನ ಕೆಲಸದ ಅತಿ ದೊಡ್ಡ ತಪ್ಪೂ ಅತಿ ದೊಡ್ಡ ಸಂತೋಷವೂ ಅದರಿಂದಲೇ ಹುಟ್ಟಿದವು.

ಕಾಗವಾಡದಿಂದ ಭರತೇಶ ಎಂಬ ದ್ರಾಕ್ಷಿ ಬೆಳೆಗಾರರು ಬಂದಿದ್ದರು. ಅವರ ತಾಯಿಗೆ ಎಪ್ಪತ್ತು ತುಂಬುವುದಿತ್ತು. ಆ ಸೀಮೆಯಲ್ಲಿ ಆಕೆಯನ್ನು ಎಲ್ಲರೂ ಗಾಡಿ ಆಯಿ ಎಂದೇ ಕರೆಯುತ್ತಿದ್ದರು. ಗಂಡ ಹಾಸಿಗೆ ಹಿಡಿದ ವರ್ಷ ಆಕೆ ತಾನೇ ಅಂಬಾಸಿಡರ್ ಓಡಿಸಲು ಕಲಿತು, ಮೇಲೆ ದ್ರಾಕ್ಷಿ ಪೆಟ್ಟಿಗೆ ಹೇರಿಕೊಂಡು ಮಿರಜ ಸ್ಟೇಶನ್ನಿಗೆ ಒಯ್ಯುತ್ತಿದ್ದರಂತೆ. ಒಂಬತ್ತು ಗಜದ ನೌವಾರಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಸ್ಟೇರಿಂಗ್ ಹಿಡಿದ ಹೆಂಗಸನ್ನು ನೋಡಲು ಜನ ರಸ್ತೆ ಬದಿ ನಿಲ್ಲುತ್ತಿದ್ದರಂತೆ.

"ಎಂಟು ವರ್ಷದ ಹಿಂದ ಆಯಿ ನಮ್ಮ ಅಕ್ಕನ ಬಾಣಂತನಕ್ಕಂತ ಇಚಲಕರಂಜಿಗೆ ಹೋಗಿದ್ಲು" ಎಂದರು ಭರತೇಶ. "ಆಗ ನಾನು ಆ ಹಳೇ ಗಾಡಿ ಮಾರಿ ಜೀಪ್ ತಂದೆ. ಅಕಿಗೆ ಖುಷಿ ಆಗ್ತೈತಿ ಅಂದ್ಕೊಂಡಿದ್ದೆ. ಬಂದು ನೋಡಿ ಒಂದು ತಿಂಗಳು ನನ್ನ ಕೂಡ ಮಾತಾಡ್ಲಿಲ್ಲ. ಈಗ ಮಾತಾಡ್ತಾಳ, ಖರೆ. ಆದ್ರ ಜೀಪ್ ಒಂದಿನಾನೂ ಹತ್ತಿಲ್ಲ ನೋಡ್ರಿ."

ಗಾಡಿ ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರಿದ್ದ, ಅವನು ಮತ್ತೊಬ್ಬನಿಗೆ. ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಉಳಿದದ್ದು ಒಂದು ಕಪ್ಪು ಬಿಳುಪು ಫೋಟೋ. ಬಣ್ಣ ಯಾವುದು ಎಂದು ಕೇಳಿದೆ. "ಹಸಿರು" ಎಂದರು. ಅವರ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ.

ಎರಡು ತಿಂಗಳು ದುಡಿದೆ. ನಾಲ್ಕೂ ಬಾಗಿಲು ತೆರೆಯುತ್ತಿದ್ದವು. ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. ಸ್ಟೇರಿಂಗಿನ ಕೆಳಗೆ ಗೇರಿನ ಕಡ್ಡಿಯನ್ನೂ ಕೂರಿಸಿದ್ದೆ. ಎಲೆ ಹಸಿರು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಗಳುವುದರಲ್ಲಿ ಬಹಳ ಜಿಪುಣರಾದ ಚಾಚಾ ಕೂಡ "ವಾಹ್" ಎಂದರು.

ಹುಟ್ಟುಹಬ್ಬದ ದಿನ ಅದನ್ನು ನಾನೇ ಕಾಗವಾಡಕ್ಕೆ ಒಯ್ದೆ. ಪಡಸಾಲೆಯ ತುಂಬ ನೆಂಟರು. ಭರತೇಶ ಬಟ್ಟೆ ಸರಿಸಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ಆಯಿ ತೆಳ್ಳಗೆ, ನೆಟ್ಟಗಿದ್ದ ಹೆಂಗಸು. ಕೈತುಂಬ ಹಸಿರು ಬಳೆ. ಬಾಗಿಲು ತೆರೆದು ಮುಚ್ಚಿದರು. ಸ್ಟೇರಿಂಗ್ ತಿರುಗಿಸಿದರು. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟರು.

"ಭಾಳ ಛಂದ ಐತಿ, ತಮ್ಮಾ. ಆದ್ರ ಇದು ನನ್ನ ಗಾಡಿ ಅಲ್ಲ."

ಚಪ್ಪಾಳೆ ನಿಂತಿತು. ಭರತೇಶ ತಲೆ ತಗ್ಗಿಸಿದರು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು. ಆದರೆ ಆಕೆಯ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಏನು ತಪ್ಪಾಗಿದೆ ಹೇಳಿರಿ ಎಂದು ಕೇಳಿದೆ. ಆಕೆ ಎದ್ದು, "ಬಾ ನನ್ನ ಕೂಡ" ಎಂದು ಮನೆಯ ಹಿಂದಿನ ದ್ರಾಕ್ಷಿ ತೋಟಕ್ಕೆ ನಡೆದರು. ತೋಟದ ಬಾಗಿಲಲ್ಲಿ ಒಂದು ಕಲ್ಲಿನ ಕಂಬವಿತ್ತು.

"ಕಲಿತ ಪೈಲಾ ದಿನ ಇಲ್ಲೇ ಗುದ್ದೀನಿ. ಎಡಗಡೆ ಮುಂದಿನ ಮಡ್‌ಗಾರ್ಡಿಗೆ ಇಷ್ಟು ನೆಗ್ಗು ಬಿತ್ತು." ಬೊಗಸೆ ಮಾಡಿ ತೋರಿಸಿದರು. "ಹಿಂದಿನ ಬಂಪರಿನ ಬಲಗಡೆ ತುದಿ ಮ್ಯಾಲ ಎದ್ದಿತ್ತು. ಮಿರಜ ಸ್ಟೇಶನ್ನಾಗ ರಿವರ್ಸ್ ತಗೊಳ್ಳುವಾಗ ಒಂದು ಕೈಗಾಡಿ ಬಂತು, ಏನ್ ಮಾಡ್ಲಿ? ಇನ್ನ ನನ್ನ ಕಡೆ ಬಾಗಿಲಾ. ಕಿಟಕಿ ಮ್ಯಾಲ ಮೊಣಕೈ ಇಟ್ಕೊಂಡು ಹೊಡೀತಿದ್ನಿ. ಕೈ ಬಳಿ ತಿಕ್ಕಿ ತಿಕ್ಕಿ ಅಲ್ಲೆ ಬಣ್ಣ ಹೋಗಿ ಗೆರಿ ಗೆರಿ ಆಗಿತ್ತು. ಅವೆಲ್ಲಾ ಎಲ್ಲೆ?"

"ಬಣ್ಣ, ಆಯಿ? ಹಸಿರೇ ಹೌದಲ್ರಿ?"

"ಹಸಿರು ಅಂದ್ರ ಯಾವ ಹಸಿರು?" ಎಂದು ಬಳ್ಳಿಗಳ ನಡುವೆ ಹೊಕ್ಕು ಒಂದು ಗೊಂಚಲು ಕಿತ್ತು ನನ್ನ ಕೈಗಿಟ್ಟರು. "ಇದು ನೋಡು. ಹಣ್ಣಾಗಾಕ ಇನ್ನ ನಾಕ್ ದಿನ ಬೇಕು. ಈ ಬಣ್ಣ."

ನಾನು ಮಾದರಿಯನ್ನು ವಾಪಸು ಕಟ್ಟಿಕೊಂಡು, ಆ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಪ್ಪಾಣಿಗೆ ಬಂದೆ. ಅವಮಾನವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚಿಕ್ಕೋಡಿ ದಾಟುವ ಹೊತ್ತಿಗೆ ತಲೆಯಲ್ಲಿ ತಗಡು ಬಡಿಯುವ ಸದ್ದು ಶುರುವಾಗಿತ್ತು. ಅಷ್ಟು ವರ್ಷ ನಾನು ಅಂಗಡಿಯಿಂದ ಆಗತಾನೇ ಬಂದ ಗಾಡಿಗಳನ್ನೇ ಮಾಡಿದ್ದೆ. ಯಾರೋ ಒಬ್ಬರು ಹತ್ತಿ ಇಳಿದು, ಗುದ್ದಿ, ಹೇರಿ, ಬದುಕಿದ ಗಾಡಿಯನ್ನು ಒಮ್ಮೆಯೂ ಮಾಡಿರಲಿಲ್ಲ.

ಚಾಚಾಗೆ ಹೇಳಿದರೆ ಅವರು ತಲೆ ಮೇಲೆ ಕೈಹೊತ್ತರು. "ಅರೆ, ನಲವತ್ತು ವರ್ಷ ನಾ ಗಾಡಿ ನೆಗ್ಗು ತಗದು ಹೊಟ್ಟಿ ತುಂಬಿಸ್ಕೊಂಡೀನಿ. ಈಗ ನೆಗ್ಗು ಹಾಕಿ ಕೊಡು ಅಂತಿ?" ಹಾಗೆಂದವರೇ ಗೊಂಚಲನ್ನು ಬಿಳಿ ಕಾಗದದ ಮೇಲಿಟ್ಟು, ನೆರಳಿಗೆ ಒಯ್ದು, ಬಣ್ಣ ಕಲಸಲು ಕುಳಿತರು. ಹಳದಿ ಒಂದು ಹನಿ, ಹಸಿರು ಅರ್ಧ ಹನಿ, ಬಿಳಿ. ಹದಿನೇಳನೇ ಸಲಕ್ಕೆ ಬಣ್ಣ ಕೂಡಿತು. ಅಷ್ಟರಲ್ಲಿ ಅರ್ಧ ಗೊಂಚಲನ್ನು ತಾತ್ಯಾ ತಿಂದು ಮುಗಿಸಿದ್ದರು. "ಹುಳಿ ಐತಿ" ಎಂದು ದೂರು ಬೇರೆ.

ನೆಗ್ಗು ಹಾಕುವುದು ಸುಲಭ ಎಂದುಕೊಂಡಿದ್ದೆ. ನಿಜವಾದ ಗಾಡಿಯಲ್ಲಿ ಒಂದು ಇಂಚು ಆಳದ ನೆಗ್ಗು ನನ್ನ ಗಾಡಿಯಲ್ಲಿ ಅಕ್ಕಿ ಕಾಳಿನ ದಪ್ಪದಷ್ಟೂ ಬರಬಾರದು. ಸ್ವಲ್ಪ ಹೆಚ್ಚಾದರೆ ಗುದ್ದಿದ ಗಾಡಿಯಾಗುವುದಿಲ್ಲ, ಕೈತಪ್ಪಿ ಕೆಳಗೆ ಬಿದ್ದ ಆಟಿಕೆಯಾಗುತ್ತದೆ. ಬೇರೆ ತಗಡಿನಲ್ಲಿ ಹನ್ನೊಂದು ಮಡ್‌ಗಾರ್ಡ್ ಮಾಡಿ ಕೆಡಿಸಿದೆ. ಹನ್ನೆರಡನೆಯದರ ಕೆಳಗೆ ಬಾಟಲಿಯ ಬೂಚು ಇಟ್ಟು, ಮೊಳೆಯ ತಲೆಯನ್ನು ಉಜ್ಜಿ ಗುಂಡಗೆ ಮಾಡಿ ಒತ್ತಿದಾಗ ಸರಿಯಾಗಿ ಕೂತಿತು. ಬಳೆಯ ಗೆರೆಗಳನ್ನು ಹೊಲಿಗೆ ಸೂಜಿಯಿಂದ ಎಳೆದೆ, ಉಸಿರು ಬಿಗಿಹಿಡಿದು, ಒಂದೊಂದಾಗಿ.

ಬಣ್ಣ ಗಟ್ಟಿಯಾಗಲೆಂದು ಮಾದರಿಯನ್ನು ಶೆಡ್ಡಿನ ಗಾಜಿನ ಕಪಾಟಿನಲ್ಲಿಟ್ಟಿದ್ದೆ. ಆ ವಾರ ರಾಯಬಾಗ ಕಡೆಯ ಅಲಖನೂರಿನ ಲಕ್ಕಪ್ಪ ಎಂಬ ಲಾರಿ ಡ್ರೈವರ್ ಹಲಗೆ ರಿಪೇರಿಗೆ ಬಂದಿದ್ದ. ಚಹಾ ಕುಡಿಯುತ್ತ ಕಪಾಟಿನ ಮುಂದೆ ನಿಂತವನು ಬಗ್ಗಿ ಬಗ್ಗಿ ನೋಡತೊಡಗಿದ.

"ಬಾಬಣ್ಣ, ನಮ್ಮ ಶಾವಂತ್ರವ್ವನ ಕೋಳಿ ಗಾಡಿ ಯಾವಾಗ ನೋಡಿದ್ರಿ?"

"ಯಾವ ಕೋಳಿ ಗಾಡಿ?"

"ಇದ ರೀ. ಈ ನೆಗ್ಗು, ಈ ಬಂಪರ್. ಬಾಗಿಲದ ಮ್ಯಾಲ ಈ ಗೆರಿ ನೋಡ್ರಿ. ನಮ್ಮೂರಾಗ ಹುಣಸಿ ಗಿಡದ ಕೆಳಗ ನಿಂತೈತಿ. ಶಾವಂತ್ರವ್ವ ಅದರಾಗ ಕೋಳಿ ಹಾಕ್ಯಾಳ. ಬರೂ ವಾರ ಗುಜರಿಯವ್ರು ಬಂದು ಒಡದು ಒಯ್ತಾರಂತ."

ನಾನು ಕಪಾಟು ತೆರೆದು ಮಾದರಿಯನ್ನು ಹೊರತೆಗೆದೆ. ತಾತ್ಯಾ ಒಳಗೆ ಹೋಗಿ ಟೊಪ್ಪಿಗೆ ಹಾಕಿಕೊಂಡು ಬಂದರು. "ಲಕ್ಕಪ್ಪಾ, ಗಾಡಿ ಹಚ್ಚು. ಹಲಗಿ ನಾಳೆ ನೋಡೂಣು" ಎಂದರು. ಚಾಚಾ, ನಾನು, ತಾತ್ಯಾ ಮೂವರೂ ಲಾರಿ ಹತ್ತಿದೆವು. ಮಾದರಿ ನನ್ನ ತೊಡೆಯ ಮೇಲೆ.

ಹುಣಸೆ ಗಿಡದ ಕೆಳಗೆ ಅದು ನಿಂತಿತ್ತು. ಟಯರುಗಳಿರಲಿಲ್ಲ, ಕಲ್ಲಿನ ಮೇಲೆ ಕೂತಿತ್ತು. ಮೇಲೆ ಯಾರೋ ಬೂದು ಬಣ್ಣ ಬಳಿದಿದ್ದರು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತು ನಮ್ಮನ್ನು ದುರುಗುಟ್ಟಿ ನೋಡಿತು. ನಾನು ಚಾಕುವಿನ ತುದಿಯಿಂದ ಬೂದು ಬಣ್ಣವನ್ನು ಮೆಲ್ಲಗೆ ಕೆರೆದೆ. ಕೆಳಗಿನಿಂದ, ನಾಲ್ಕು ದಿನದಲ್ಲಿ ಹಣ್ಣಾಗಲಿರುವ ದ್ರಾಕ್ಷಿಯ ಬಣ್ಣ ಹೊರಬಂತು. ಮಾದರಿಯನ್ನು ಅದರ ಪಕ್ಕಕ್ಕೆ ಹಿಡಿದೆ. ಚಾಚಾ ಎರಡನ್ನೂ ನೋಡಿ ಕಣ್ಣು ಒರೆಸಿಕೊಂಡರು. "ಬಿಳಿ ಒಂದ್ ಹನಿ ಕಡಿಮಿ ಆಗೈತಿ" ಎಂದರು.

ಶಾವಂತ್ರವ್ವ ಗಾಡಿ ಕೊಡಲು ಒಪ್ಪಲಿಲ್ಲ. ಗುಜರಿಯವರಿಗೆ ಕೊಡಲು ಹೊರಟದ್ದು ಆಕೆಯ ಗಂಡ, ಆಕೆಗೆ ಅದು ಮೊದಲೇ ಇಷ್ಟವಿರಲಿಲ್ಲ. "ನನ್ನ ಕೋಳಿ ಎಲ್ಲಿ ಇರಬೇಕ್ರಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಮ್ಮ ಶೆಡ್ಡಿನವರಿಗೆ ಅದೊಂದು ದೊಡ್ಡ ಮಾತೇ? ಎರಡೇ ದಿನದಲ್ಲಿ ಲಾರಿ ಬಾಡಿಯ ಕಟ್ಟಿಗೆಯಲ್ಲಿ ಕೋಳಿಗೂಡು ಕಟ್ಟಿದೆವು. ಚಾಚಾ ಅದಕ್ಕೆ ಕಮಲ, ಗಿಳಿ ಬರೆದರು. ಹಿಂದಿನ ಹಲಗೆಯ ಮೇಲೆ ನಾನು ದಪ್ಪ ಅಕ್ಷರದಲ್ಲಿ "ಹಾರ್ನ್ ಪ್ಲೀಸ್" ಎಂದು ಬರೆದೆ. ಶಾವಂತ್ರವ್ವ ಊರವರನ್ನೆಲ್ಲ ಕರೆದು ತೋರಿಸಿದಳು. ಸುದ್ದಿ ತಿಳಿದು ಬಂದಿದ್ದ ಭರತೇಶ ಆಕೆಯ ಗಂಡನ ಹತ್ತಿರ ವ್ಯವಹಾರ ಮುಗಿಸಿದರು.

ಗಾಡಿಯನ್ನು ಲಾರಿಯ ಮೇಲೆ ಹೇರಿ ನಿಪ್ಪಾಣಿಗೆ ತಂದೆವು. ಇಂಜಿನ್ ಕೆಲಸ ನಮ್ಮ ಶೆಡ್ಡಿನ ಮೆಕ್ಯಾನಿಕ್ಕುಗಳು ನೋಡಿಕೊಂಡರು. ಬೂದು ಬಣ್ಣವನ್ನು ಚಾಚಾ ಮತ್ತು ನಾನು ಬೆರಳಗಲ ಬೆರಳಗಲ ತೆಗೆದೆವು. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದು ನೋಡಿದರೆ ಚಾಚಾ ಎಡ ಮಡ್‌ಗಾರ್ಡಿನ ಮುಂದೆ ಕೂತು ಸುತ್ತಿಗೆ ಎತ್ತಿದ್ದರು.

"ಚಾಚಾ, ಬ್ಯಾಡ್ರೀ!"

ಅವರು ಬೆಚ್ಚಿ ಸುತ್ತಿಗೆಯನ್ನು ನೋಡಿದರು, ನೆಗ್ಗನ್ನು ನೋಡಿದರು. "ಕೈಗೆ ರೂಢಿ ಆಗೈತಿ, ಬೇಟಾ" ಎಂದು ನಾಚಿಕೊಂಡು ನಕ್ಕರು. ಆಮೇಲೆ ಆ ನೆಗ್ಗಿಗೆ ಸುಣ್ಣದಿಂದ ಗೆರೆ ಎಳೆದು "ಮುಟ್ಟಬಾರದು" ಎಂದು ತಾವೇ ಬರೆದರು.

ಒಂದು ತಿಂಗಳಾದ ಮೇಲೆ ಕಾಗವಾಡಕ್ಕೆ ಹೋದೆವು. ಭರತೇಶ ತಾಯಿಗೆ ಏನೂ ಹೇಳಿರಲಿಲ್ಲ. ಗಾಡಿಯನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ ಮೊದಲು ನಾನು ಮಾದರಿ ಹಿಡಿದು ಒಳಗೆ ಹೋದೆ. ಗಾಡಿ ಆಯಿ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿದರು. ಬಂಪರಿನ ತುದಿ ಮುಟ್ಟಿದರು. ಬಾಗಿಲ ಮೇಲಿನ ಗೆರೆಗಳ ಹತ್ತಿರ ತಮ್ಮ ಬಳೆಯ ಕೈ ತಂದು ಹಿಡಿದರು. ಮುಖ ಅರಳಿತು.

"ಬಂದೆಲ್ಲಾ ನಮ್ಮವ್ವಾ" ಎಂದು ಅದಕ್ಕೇ ಹೇಳಿದರು. "ಎಲ್ಲಿ ತಿರುಗ್ಯಾಡಾಕ ಹೋಗಿದ್ದಿ ಇಷ್ಟ್ ದಿನ?"

ಆಗಲೇ ಹೊರಗೆ ಹಾರ್ನ್ ಕೂಗಿತು. ಆಯಿಯ ಕೈ ನಿಂತಿತು. ಹಳೆಯ ಗಾಡಿಯ ಹಾರ್ನ್ ಅದರ ಒಡತಿಗೆ ಗೊತ್ತಾಗದೆ ಇರುತ್ತದೆಯೇ? ಮಾದರಿಯನ್ನು ನನ್ನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲೇ ಅಂಗಳಕ್ಕೆ ಇಳಿದರು. ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಭರತೇಶ ಇಳಿದು ಬಂದು ತಾಯಿಯ ಕಾಲು ಮುಟ್ಟಿದರು. "ಆಯಿ, ತಪ್ಪಾತು" ಎಂದರು. ಆಕೆ ಮಗನ ತಲೆಯ ಮೇಲೆ ಕೈಯಿಟ್ಟು, ಕೂದಲು ಕೆದರಿ, "ಸರಿ ಲೇ, ಬಾಗಲಾಗ ಅಡ್ಡ ನಿಂದರಬ್ಯಾಡ" ಎಂದು ಗಾಡಿ ಹತ್ತಿದರು.

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗಾಡಿ ಓಡಿಸಿ ಎಂಟು ವರ್ಷವಾಗಿದ್ದರೂ ಅವರ ಕೈ ಒಮ್ಮೆಯೂ ತಡವರಿಸಲಿಲ್ಲ. ಊರು ದಾಟಿ, ಎರಡೂ ಕಡೆ ದ್ರಾಕ್ಷಿ ತೋಟಗಳಿರುವ ನೆಟ್ಟನೆಯ ಮಣ್ಣಿನ ದಾರಿಗೆ ಬಂದು ಗಾಡಿ ನಿಲ್ಲಿಸಿದರು.

"ಈಗ ನೀ ಹೊಡಿ."

"ನಾನಾ? ನನಗ ಗಾಡಿ ಹೊಡ್ಯಾಕ ಬರಂಗಿಲ್ರಿ, ಆಯಿ."

ಆಕೆ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಇಷ್ಟ್ ಗಾಡಿ ಮಾಡೀದಿ, ಒಂದೂ ಹೊಡದಿಲ್ಲಾ? ಬಾ ಈ ಕಡೆ."

ಕ್ಲಚ್ ಪೆಡಲಿನ ಅಗಲ ಎಷ್ಟೆಂದು ನನಗೆ ಗೊತ್ತಿತ್ತು. ಬೇಳೆಯಷ್ಟು ಸಣ್ಣದಾಗಿ ಅದನ್ನು ಎಷ್ಟೋ ಸಲ ಮಾಡಿದ್ದೆ. ಅದು ಕಾಲಿನ ಕೆಳಗೆ ಅಷ್ಟು ಗಟ್ಟಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಗಾಡಿ ಮೂರು ಸಲ ಜಿಗಿದು ನಿಂತಿತು. ನಾಲ್ಕನೇ ಸಲ ಹೊರಟಿತು. ತೋಟದಲ್ಲಿ ಗೊಂಚಲು ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ಕೂಗಿದರು. ಆಯಿ ಪಕ್ಕದಿಂದಲೇ ಕೈ ಚಾಚಿ ಹಾರ್ನ್ ಒತ್ತಿದರು. ನನ್ನ ವಯಸ್ಸು ಆಗ ನಲವತ್ತು ದಾಟಿತ್ತು. ಗಾಡಿಯೊಂದು ನನ್ನ ಮಾತು ಕೇಳಿ ಮುಂದೆ ಹೋಗುತ್ತಿದ್ದುದು ಅದೇ ಮೊದಲು.

"ಕೈ ನೋಡಬ್ಯಾಡ, ಮುಂದ ನೋಡು" ಎಂದರು ಆಯಿ.

ಮುಂದೆ ದಾರಿ ಮುಗಿಯುತ್ತ ಬಂದಿತ್ತು. ಆಚೆ ಕಬ್ಬಿನ ಹೊಲ.

"ಆಯಿ, ನಿಲ್ಲಸೂದು ಹೆಂಗ್ರೀ?"

"ಅದು ನಾಳಿನ ಪಾಠ" ಎಂದು ಆಕೆ ಸೀಟಿಗೆ ಒರಗಿ ಕೂತರು.